ಬಣ್ಣದ ಮನೆಯ ಹೊಸಿಲ ಬಿಂದಿಗೆ

ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ವಾಸನೆ ನನ್ನ ಬೆರಳುಗಳಿಂದ ಇನ್ನೂ ಹೋಗಿಲ್ಲ. ಕಲ್ಯಾಣದುರ್ಗದಿಂದ ಬಂದು ಎರಡು ದಿನವಾಯಿತು. ಸೋಪು ಹಾಕಿ ತೊಳೆದಿದ್ದೇನೆ, ಅನ್ನ ಕಲಸಿದ್ದೇನೆ, ಬಸ್ಸಿನ ಕಂಬಿ ಹಿಡಿದಿದ್ದೇನೆ. ಆದರೂ ಕೈಯನ್ನು ಮುಖದ ಹತ್ತಿರ ತಂದರೆ ಹುಳಿಹುಳಿಯಾದ, ಮಳೆಗೆ ಮೊದಲಿನ ಗಾಳಿಯಂಥ ಅದೇ ವಾಸನೆ. ನನ್ನ ಭ್ರಮೆಯೂ ಇರಬಹುದು. ನಾನು ರಸಾಯನಶಾಸ್ತ್ರ ಓದಿದವನು. ತಾಮ್ರಕ್ಕೆ ತನ್ನದೇ ಆದ ವಾಸನೆ ಇಲ್ಲ, ನಮ್ಮ ಚರ್ಮದ ಬೆವರೂ ಎಣ್ಣೆಯೂ ಲೋಹಕ್ಕೆ ತಾಗಿ ಹುಟ್ಟುವುದನ್ನೇ ನಾವು ತಾಮ್ರದ ವಾಸನೆ ಎನ್ನುತ್ತೇವೆ ಎಂದು ಯಾರು ಕೇಳಿದರೂ ವಿವರಿಸಬಲ್ಲೆ. ಅಂದರೆ ಮೂಗಿಗೆ ಬರುವುದು ಪಾತ್ರೆಯದ್ದಲ್ಲ, ಮುಟ್ಟಿದವರದ್ದು. ಈ ಮಾತನ್ನು ನಾನು ಎಷ್ಟೋ ತರಗತಿಗಳಲ್ಲಿ ಜಂಬದಿಂದ ಹೇಳಿದ್ದೇನೆ. ಮೊನ್ನೆ ಆ ಬಿಂದಿಗೆಯನ್ನು ಮತ್ತೆ ಮುಟ್ಟುವ ತನಕ ಅದರ ಅರ್ಥ ನನಗೇ ತಟ್ಟಿರಲಿಲ್ಲ.

ಅದು ನಮ್ಮ ಹಿಂದೂಪುರದ ಮನೆಯ ಬಿಂದಿಗೆ. ನಮ್ಮದು ನೇಯುವವರ ಮನೆ. ನಡುಮನೆಯಲ್ಲಿ ಎರಡು ಗುಂಡಿ ಮಗ್ಗ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ದೊಡ್ಡಪ್ಪ. ಬೆಳಕಿಂಡಿಯ ಕೆಳಗೆ ರಾಟೆಯ ಮುಂದೆ ಅಜ್ಜಿ. ಬೆಳಗಿನಿಂದ ಸಂಜೆಯವರೆಗೆ ಲಾಳಿಯ ಸದ್ದು ಎಷ್ಟು ಒಂದೇ ಸಮ ಬರುತ್ತಿತ್ತೆಂದರೆ ಅದು ನಿಂತಾಗ ಮಾತ್ರ ನಮಗೆ ಕೇಳಿಸುತ್ತಿತ್ತು. ಹಿತ್ತಲಿಗೆ ಹೋಗುವ ದಾರಿಯಲ್ಲಿ ಹೆಂಚಿನ ಮಾಡಿನ ಒಂದು ಉದ್ದನೆಯ ಕೋಣೆ ಇತ್ತು. ಅದು ಬಣ್ಣದ ಮನೆ. ಎರಡು ಹಂಡೆ, ಎರಡು ಒಲೆ, ನೂಲಿನ ಲಡಿಗಳನ್ನು ಅದ್ದಿ ತಿರುವುವ ಬಿದಿರು ಗಳಗಳು, ಗೋಡೆಯ ಗೂಡುಗಳಲ್ಲಿ ಬಣ್ಣದ ಡಬ್ಬಿಗಳು, ಮೂಲೆಯಲ್ಲಿ ಕಾಸ್ಟಿಕ್ ಸೋಡಾದ ಜಾಡಿ. ಒದ್ದೆ ಹತ್ತಿನೂಲಿನ ವಾಸನೆ, ಹೊಗೆಯ ವಾಸನೆ, ಮೂಗು ಸುಡುವ ಮತ್ತೊಂದು ವಾಸನೆ ಅಲ್ಲಿ ಸದಾ ಕೂಡಿಕೊಂಡಿರುತ್ತಿದ್ದವು. ಅಲ್ಲಿನ ಒಡತಿ ನಮ್ಮ ದೊಡ್ಡಮ್ಮ. ಕೇರಿಯವರಿಗೆಲ್ಲ ಆಕೆ ಬಣ್ಣದ ಲಚ್ಮಕ್ಕ. ಚಿಲಮತ್ತೂರಿನ ಕಡೆಯ ನೇಕಾರರೂ ನೂಲಿನ ಗಂಟು ಹೊತ್ತು ಬಂದು, ಹಳೆಯ ಸೀರೆಯ ಚೂರೊಂದನ್ನು ತೋರಿಸಿ, ಇದೇ ಬಣ್ಣ ಬೇಕು ಲಚ್ಮಕ್ಕಾ ಎನ್ನುತ್ತಿದ್ದರು. ದೊಡ್ಡಮ್ಮ ಆ ಚೂರನ್ನು ಬಿಸಿಲಿಗೆ ಹಿಡಿದು, ನಾಲಿಗೆಯಿಂದ ಒದ್ದೆ ಮಾಡಿ, ಮತ್ತೆ ಬಿಸಿಲಿಗೆ ಹಿಡಿದು, ಏನೂ ಬರೆದುಕೊಳ್ಳದೆ ಚೂರನ್ನು ವಾಪಸು ಕೊಡುತ್ತಿದ್ದಳು. ಮೂರನೆಯ ದಿನ ಲಡಿಗಳು ಅದೇ ಬಣ್ಣದಲ್ಲಿ ತಂತಿಯ ಮೇಲೆ ತೂಗುತ್ತಿದ್ದವು. ಆಕೆಯ ಮೊಣಕೈವರೆಗಿನ ಚರ್ಮ ಯಾವತ್ತೂ ಒಂದೇ ಬಣ್ಣದಲ್ಲಿದ್ದದ್ದು ನನಗೆ ನೆನಪಿಲ್ಲ.

ಬಣ್ಣದ ಮನೆಯ ಹೊಸಿಲ ಪಕ್ಕದಲ್ಲಿ, ಸಣ್ಣ ಕಲ್ಲಿನ ಮೇಲೆ, ಆ ತಾಮ್ರದ ಬಿಂದಿಗೆ ಇರುತ್ತಿತ್ತು. ಕಂಠಕ್ಕೆ ಕೆಂಪು ನೂಲು ಸುತ್ತಿರುತ್ತಿತ್ತು, ಬಾಯಿಯ ಮೇಲೆ ಹಿತ್ತಾಳೆ ತಟ್ಟೆ. ಆ ನೀರನ್ನು ಯಾರೂ ಕುಡಿಯುವಂತಿಲ್ಲ, ಕೈಕಾಲಿಗೆ ಹಾಕಿಕೊಳ್ಳುವಂತಿಲ್ಲ, ದೇವರ ಮುಂದೆ ಇಡುವಂತೆಯೂ ಇಲ್ಲ. ಅದು ಕಣ್ಣಿಗೆ. ಕಾಸ್ಟಿಕ್ ಸಿಡಿದರೆ, ಹಂಡೆಯ ನೀರು ಚಿಮ್ಮಿದರೆ ತಕ್ಷಣ ಕಣ್ಣಿಗೆ ಸುರಿಯಲು. ನಮ್ಮ ಹಿತ್ತಲ ಬಾವಿಯದು ಉಪ್ಪುನೀರು. ಸೀನೀರು ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಬಂದರೆ ಪುಣ್ಯ. ಆ ಸೀನೀರಿನಲ್ಲೂ ಮೊದಲ ಪಾಲು ಹೊಸಿಲ ಬಿಂದಿಗೆಗೆ. ದೊಡ್ಡಮ್ಮ ಬೆಳಗ್ಗೆ ಸ್ನಾನ ಮಾಡಿ ಬಂದವಳೇ ಹಿಂದಿನ ದಿನದ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ಬಿಂದಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಹೊಸ ನೀರು ತುಂಬಿ, ಆಮೇಲೆ ಒಲೆಗೆ ಬೆಂಕಿ ಹಾಕುತ್ತಿದ್ದಳು. ಬಿಂದಿಗೆ ತುಂಬದೆ ಒಲೆ ಹೊತ್ತಿಸುವಂತಿರಲಿಲ್ಲ. ಇದು ಆಕೆಗೆ ಅತ್ತೆಯಿಂದ, ಅಂದರೆ ನಮ್ಮ ಅಜ್ಜಿಯಿಂದ, ಬಂದ ಪದ್ಧತಿ. ಒಮ್ಮೆ ನಮ್ಮ ಸೋದರಮಾವ ಬಿಸಿಲಲ್ಲಿ ಬಂದವನು ತಟ್ಟೆ ಸರಿಸಿ ಆ ನೀರನ್ನು ಗಟಗಟ ಕುಡಿದುಬಿಟ್ಟ. ದೊಡ್ಡಮ್ಮ ಎರಡು ಹಂಡೆಯ ಒಲೆಯನ್ನೂ ಆರಿಸಿ, ನೀರು ತರುವವರೆಗೆ ಕೆಲಸ ನಿಲ್ಲಿಸಿ ಕೂತಳು. "ನೋಡ್ಲಾ, ನಿನ್ ಹೊಟ್ಟೆಗೆ ಕಣ್ ಬಂದ್ರೆ ನನ್ನ ಕೇಳ್ಬೇಡ" ಎಂದು ಅಜ್ಜಿ ಅವನನ್ನು ಛೇಡಿಸಿದ್ದಳು. ಮಕ್ಕಳಾದ ನಮಗೆ ದೊಡ್ಡಮ್ಮ ಹಾಕಿದ್ದ ಕಟ್ಟಳೆ ಇನ್ನೂ ಸರಳ. "ಹೊಸ್ಲಿನಿಂದ ಇತ್ಲಾಗೆ ನಿಮ್ದು, ಅತ್ಲಾಗೆ ನಂದು ಕಣ್ರೋ." ನಾವು ಇತ್ತಲಾಗೆ ಕೂತು ನೋಡಬಹುದಿತ್ತು. ಹಾಗೆ ನೋಡುತ್ತಲೇ ಆಕೆಯ ಇನ್ನೊಂದು ಮಾತು ನಮಗೆ ಬಾಯಿಪಾಠವಾಗಿತ್ತು. ಜಾಡಿಯಿಂದ ಕಾಸ್ಟಿಕ್ ಚಕ್ಕೆ ತೆಗೆದಾಗಲೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ನೀರಿಗೆ ಸೋಡಾ, ಸೋಡಾಕ್ಕೆ ನೀರಲ್ಲ."

ನನಗೆ ಆಗ ಹನ್ನೊಂದು. ದೊಡ್ಡಮ್ಮನ ಮಗಳು ನಾಗುವಿಗೆ ಎಂಟು. ನಾಗರತ್ನ ಎಂಬ ಪೂರ್ತಿ ಹೆಸರು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ಅವಳು ನನ್ನ ಹಿಂದೆಯೇ ತಿರುಗುತ್ತಿದ್ದಳು, ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು. ಹಾಗೆ ನಂಬುವವರು ಒಬ್ಬರಿದ್ದುದರಿಂದಲೇ ನನಗೆ ಹೇಳುವ ಚಟ ಹತ್ತಿತು ಎಂದು ಈಗ ಅನ್ನಿಸುತ್ತದೆ. ಆ ವರ್ಷ ಶಾಲೆಯ ಮೇಷ್ಟ್ರೊಬ್ಬರು ನನಗೆ ವಿಜ್ಞಾನದ ಪ್ರಯೋಗಗಳ ಒಂದು ಹಳೆಯ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಬಲೂನನ್ನು ತಾನಾಗಿ ಮೇಲಕ್ಕೆ ಹಾರಿಸುವ ಗಾಳಿ ತಯಾರಿಸುವ ಬಗೆ ಇತ್ತು. ಅದಕ್ಕೆ ಬೇಕಾದದ್ದು ನಮ್ಮ ಬಣ್ಣದ ಮನೆಯ ಜಾಡಿಯಲ್ಲೇ ಇದೆ ಎಂದು ಓದಿದಾಗ ನನಗಾದ ರೋಮಾಂಚನ ಇವತ್ತಿಗೂ ನೆನಪಿದೆ. ನಮ್ಮ ಹಿತ್ತಲು ಪುಸ್ತಕದೊಳಗೆ ಬಂದಿತ್ತು. ದೊಡ್ಡವರು ಯಾರಾದರೂ ಹತ್ತಿರ ಇರಬೇಕು ಎಂದು ಆ ಪುಟದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇತ್ತು ಎಂದು ಒಮ್ಮೊಮ್ಮೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಆದರೆ ಇಂಥ ಪುಸ್ತಕಗಳನ್ನು ಆಮೇಲೆ ನೂರಾರು ನೋಡಿದ್ದೇನೆ. ಅವುಗಳ ಸಣ್ಣ ಅಕ್ಷರಗಳನ್ನು ನನ್ನ ಮನಸ್ಸು ಇದಕ್ಕೆ ತಂದು ಅಂಟಿಸಿರಲೂ ಬಹುದು.

ಆ ದಿನ ದೊಡ್ಡಮ್ಮ ಮೊದಲ ಹಂಡೆಯ ಲಡಿಗಳನ್ನು ಒಣಹಾಕಲು ಕೇರಿಯಾಚೆಯ ಬಯಲಿಗೆ ಹೋಗಿದ್ದಳು. ಲಡಿಗಳು ನೀಲಿ ಎಂದು ನೆನಪು. ಎರಡನೆಯ ಹಂಡೆ ಒಲೆಯ ಮೇಲಿತ್ತು, ಬೆಂಕಿ ಸಣ್ಣಗೆ ಉರಿಯುತ್ತಿತ್ತು. ಮಗ್ಗಗಳು ನಡೆಯುತ್ತಿದ್ದವು. ನಾನು ಹೊಸಿಲು ದಾಟಿದೆ. ನಾಗು ಬಲೂನು ಹಿಡಿದು ಹೊಸಿಲ ಆಚೆ ಕೂತಳು. ಹೆದರಿಕೆಯಾಗಲಿಲ್ಲ, ಪುಸ್ತಕ ಕೈಯಲ್ಲಿತ್ತಲ್ಲ. ಹಳೆಯ ಗಾಜಿನ ಸೀಸೆಯೊಂದು ಸಿಕ್ಕಿತ್ತು, ಸೀಮೆಎಣ್ಣೆಯದು. ಮಾತ್ರೆಗಳ ಹಿಂದಿನ ಬೆಳ್ಳಿಕಾಗದವನ್ನು ವಾರದಿಂದ ಕೂಡಿಟ್ಟಿದ್ದೆ. ಪುಸ್ತಕದಲ್ಲಿ ಶುದ್ಧವಾದ ನೀರು ಎಂದು ಬರೆದಿತ್ತು. ಹಿತ್ತಲಲ್ಲಿ ಬಾವಿ ಬಾಯಿ ತೆರೆದುಕೊಂಡಿತ್ತು, ಆದರೆ ಅದು ಉಪ್ಪುನೀರು, ಶುದ್ಧವಲ್ಲ ಎಂದು ನಾನು ತೀರ್ಮಾನಿಸಿದೆ. ಮನೆಯಲ್ಲಿ ಶುದ್ಧ ನೀರು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೊಸಿಲ ಬಿಂದಿಗೆಯ ನೀರಿನಲ್ಲಿ ಸೀಸೆಯನ್ನು ತೊಳೆದೆ. ಸೀಮೆಎಣ್ಣೆಯ ವಾಸನೆ ಹೋಗಲಿಲ್ಲ. ಮತ್ತೆ ತೊಳೆದೆ, ಮತ್ತೆ, ಮತ್ತೆ. ಅದು ಸಣ್ಣ ಬಿಂದಿಗೆ. ಒಳಕ್ಕೆ ಹೋದದ್ದಕ್ಕಿಂತ ಹೊರಗೆ ಚೆಲ್ಲಿದ್ದೇ ಹೆಚ್ಚು. ಸೀಸೆಗೆ ಕಾಸ್ಟಿಕ್ ಚಕ್ಕೆಗಳನ್ನೂ ಬೆಳ್ಳಿಕಾಗದವನ್ನೂ ಹಾಕಿ, ತಳದಲ್ಲಿ ಉಳಿದಿದ್ದ ಕೊನೆಯ ನೀರನ್ನು ಅದರ ಮೇಲೆ ಹುಯ್ದೆ. ದಿನವೂ ಕೇಳುತ್ತಿದ್ದ ಮಾತನ್ನು ತಲೆಕೆಳಗು ಮಾಡಿದೆ. ಸೋಡಾಕ್ಕೆ ನೀರು.

ಸೀಸೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಯಿತು. ಕೆಳಗಿಟ್ಟು ಹಿಂದೆ ಸರಿದೆ. ಬಲೂನಿನ ಬಾಯನ್ನು ಸೀಸೆಗೆ ತೊಡಿಸಬೇಕಿತ್ತು. "ನೀನು ಹಾಕೇ, ನಿನ್ ಬೆರಳು ಸಣ್ಣ" ಎಂದೆ. ಈ ಮಾತಿನ ವಿಷಯದಲ್ಲಿ ನನಗೆ ಯಾವ ಸಂದೇಹವೂ ಇಲ್ಲದಿರುವುದೇ ವಿಚಿತ್ರ. ನಾಗು ಬಗ್ಗಿದಳು. ಒಳಗಿದ್ದದ್ದು ಉಕ್ಕಿ ಚಿಮ್ಮಿತು.

ಅವಳ ಕೂಗಿಗೆ ಎರಡೂ ಮಗ್ಗ ಒಟ್ಟಿಗೆ ನಿಂತವು. ಬಯಲಿನಿಂದ ವಾಪಸಾಗುತ್ತಿದ್ದ ದೊಡ್ಡಮ್ಮ ಆಗಲೇ ಹಿತ್ತಲ ಬಾಗಿಲಿಗೆ ಬಂದಿದ್ದಳು. ಏನಾಯಿತೆಂದು ಆಕೆ ಕೇಳಲಿಲ್ಲ. ನಾಗುವನ್ನು ಒಂದು ಕಂಕುಳಲ್ಲಿ ಅವಚಿಕೊಂಡು ನೇರ ಬಿಂದಿಗೆಗೆ ಬಂದು, ತಟ್ಟೆ ಎಸೆದು, ಎತ್ತಿದಳು. ತುಂಬಿದ ಬಿಂದಿಗೆ ಎಂದು ಎತ್ತಿದ್ದರಿಂದ ಅದು ಒಮ್ಮೆಲೇ ಆಕೆಯ ತಲೆಯ ಮಟ್ಟಕ್ಕೆ ಹಾರಿಬಂತು. ಒಂದು ಕ್ಷಣ ಆಕೆ ಅದನ್ನು ಹಾಗೆಯೇ ಹಿಡಿದಿದ್ದಳು. ಆ ಕ್ಷಣದಲ್ಲಿ ನನ್ನ ಕಡೆ ನೋಡಿದಳೋ ಇಲ್ಲವೋ ಎಂಬುದನ್ನು ನಾನು ಎಷ್ಟು ವರ್ಷ ಯೋಚಿಸಿದ್ದೇನೋ. ಆಮೇಲೆ ಬಾವಿಯ ಕಡೆ ಓಡಿದಳು. ಹಗ್ಗ ಗಾಲಿಯಿಂದ ಜಾರಿತ್ತು. ಕೊಡ ಇಳಿದು, ತುಂಬಿ, ಮೇಲೆ ಬರಬೇಕು. "ಏಮೈಂದಿ ಲಚ್ಮಕ್ಕಾ?" ಎಂದು, ಏನಾಯಿತೆಂದು ಪಕ್ಕದ ಮನೆಯವಳು ಗೋಡೆಯಾಚೆಯಿಂದ ತೆಲುಗಿನಲ್ಲಿ ಕೂಗುತ್ತಿದ್ದಳು. ಬಾವಿಯ ಗಾಲಿ ಕಿರುಗುಟ್ಟುತ್ತಿದ್ದ ಆ ಹೊತ್ತು ಎಷ್ಟು ಉದ್ದವಿತ್ತೆಂದು ಹೇಳಲಾರೆ. ಇಂಥ ಪದಾರ್ಥ ಕಣ್ಣಿಗೆ ಬಿದ್ದಾಗ ಮೊದಲ ಕೆಲವು ಕ್ಷಣಗಳ ಬೆಲೆ ಏನೆಂದು ಮಾತ್ರ ಹೇಳಬಲ್ಲೆ. ಅದೇ ನನ್ನ ವೃತ್ತಿ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಹೊತ್ತಿಗೆ ತೊಳೆದಿರಿ ಎಂದು. ಅಜ್ಜಿ ಇದ್ದಳು, ದೊಡ್ಡಪ್ಪ ಇದ್ದ, ಅಪ್ಪ ಇದ್ದ. ಅಪ್ಪನ ಪಂಚೆಯ ಅಂಚು ಹಿಡಿದು ನಾನಿದ್ದೆ. "ತಡ ಆಯ್ತು ಸ್ವಾಮಿ" ಎಂದಳು ದೊಡ್ಡಮ್ಮ. "ಬಿಂದಿಗೇಲಿ ನೀರಿರ್ಲಿಲ್ಲ. ಬೆಳಗ್ಗೆ ತುಂಬ್ಸೋದು ಮರ್ತ್ಬುಟ್ಟಿದ್ದೆ." ಅಜ್ಜಿ ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ಆಗ ಬಾಯಿ ತೆರೆಯಬಹುದಿತ್ತು. ಒಂದು ವಾಕ್ಯ ಸಾಕಾಗಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡೂ ಇದ್ದೆ. ಅಷ್ಟರಲ್ಲಿ ದೊಡ್ಡಮ್ಮ ತನ್ನ ನೀಲಿ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಇವ್ನ ಕರ್ಕೊಂಡು ಹೋಗಿ ಏನಾರ ತಿನ್ಸು ಮೈದ್ನಪ್ಪ, ಬೆಳಗ್ನಿಂದ ಉಪ್ಪಾಸ ಅವ್ನೆ" ಎಂದು ಅಪ್ಪನಿಗೆ ಹೇಳಿದಳು. ನಾನು ಹೋದೆ. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ. ರುಚಿಯಾಗಿದ್ದವು ಎಂಬುದು ಕೂಡ ನೆನಪಿದೆ.

ನಾಗುವಿನ ಎಡಗಣ್ಣು ಹೋಯಿತು. ಬೆಂಗಳೂರಿಗೂ ಕರೆದುಕೊಂಡು ಹೋಗಿ ಬಂದರು. ಕರಿಗುಡ್ಡೆಯ ಮೇಲೆ ಸುಣ್ಣದ ನೀರಿನಂಥ ಬಿಳುಪು ನಿಂತುಬಿಟ್ಟಿತು. ಪ್ರಯೋಗ ಮಾಡಿದ್ದಕ್ಕೆ ನನಗೆ ಅಪ್ಪನಿಂದ ಏಟು ಬಿತ್ತು, ಅದು ಒಂದೇ ದಿನ. ಓದುವ ಹುಡುಗ, ಏನೋ ಮಾಡಲು ಹೋದ ಎಂದು ಕೇರಿಯವರು ಬೇಗ ಕ್ಷಮಿಸಿದರು. ದೊಡ್ಡಮ್ಮನನ್ನು ಯಾರೂ ಕ್ಷಮಿಸಲಿಲ್ಲ. "ಒಂದ್ ಬಿಂದಿಗೆ ನೀರಿಕ್ಕೋಕ್ ಆಗ್ದೋಳು" ಎಂದು ಅಜ್ಜಿ ಪ್ರತಿ ಹಬ್ಬದಲ್ಲೂ, ಬಂದ ನೆಂಟರ ಮುಂದೆಯೂ ಹೇಳುತ್ತಿದ್ದಳು. ದೊಡ್ಡಪ್ಪ ಬಣ್ಣದ ಮನೆಗೆ ಬೀಗ ಹಾಕಿದ. ನೂಲನ್ನು ಬಣ್ಣ ಹಾಕಿಸಿಯೇ ಅಂಗಡಿಯಿಂದ ತರತೊಡಗಿದರು. ದೊಡ್ಡಮ್ಮ ಅಜ್ಜಿಯ ಪಕ್ಕದ ಇನ್ನೊಂದು ರಾಟೆಗೆ ಕೂತಳು. ಬೇರೆಯವರು ಹಾಕಿದ ಬಣ್ಣದ ನೂಲನ್ನು ಸುತ್ತುತ್ತಾ, ಒಮ್ಮೊಮ್ಮೆ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮತ್ತೆ ಸುತ್ತುತ್ತಿದ್ದಳು. ವರ್ಷ ಕಳೆಯುವುದರಲ್ಲಿ ಆಕೆಯ ಕೈಗಳು ಬೇರೆ ಹೆಂಗಸರ ಕೈಗಳ ಹಾಗೆಯೇ ಆದವು. ಕೇರಿಯ ಬಾಯಲ್ಲಿ ಬಣ್ಣದ ಲಚ್ಮಕ್ಕ ಬರೀ ಲಚ್ಮಕ್ಕ ಆದಳು.

ನಾನು ಓದಿದೆ. ಹಾಸ್ಟೆಲು, ವಿಶ್ವವಿದ್ಯಾಲಯ, ಔಷಧಿ ಕಾರ್ಖಾನೆಯೊಂದರ ಲ್ಯಾಬು, ಅಲ್ಲಿಂದ ಕಾಲೇಜು, ಅಲ್ಲಿಂದ ಇನ್ನೊಂದು ಕಾಲೇಜು. ಎಲ್ಲಿಯೂ ನಿಲ್ಲಲಿಲ್ಲ. ಎಂ.ಎಸ್ಸಿ. ಮುಗಿಸಿ ಮನೆಗೆ ಹೋದಾಗ ದೊಡ್ಡಮ್ಮ ಅಂಗಿಯ ಬಟ್ಟೆಯೊಂದನ್ನು ಕೈಗಿಟ್ಟಳು. ಆವತ್ತು ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. "ದೊಡ್ಡಮ್ಮಾ, ಆವತ್ತು ಆ ಬಿಂದಿಗೆ" ಎಂದು ಶುರು ಮಾಡಿದೆ. "ಹುಷಾರಾಗಿ ಮಾಡು ಕಣಪ್ಪ" ಎಂದಳು ಆಕೆ, ನಡುವೆಯೇ. "ಮಕ್ಳು ಹತ್ರದಲ್ಲೇ ನಿಂತ್ಕೊಂಡಿರ್ತವೆ. ಏಳು, ಮುದ್ದೆ ಆರೋಯ್ತದೆ." ನಾನು ಎದ್ದು ಉಂಡೆ. ಹೇಳಲು ಬಿಡಲಿಲ್ಲ ಎಂದು ತಪ್ಪನ್ನು ಆಕೆಯ ಮೇಲೆಯೇ ಹೊರಿಸಿ ನಿರಾಳವಾಗಿ ಬಸ್ಸು ಹತ್ತಿದೆ. ಆಕೆ ತೀರಿಕೊಂಡಾಗ ನಾನು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಆ ಮನೆಯೂ ಇಲ್ಲ. ಆ ಜಾಗದಲ್ಲಿ ಹುಣಸೆಹಣ್ಣು ತುಂಬುವ ಗೋದಾಮು ಬಂದಿದೆ. ಬಾವಿಯನ್ನು ಮುಚ್ಚಿದ್ದಾರೆ. ಎಲ್ಲಿತ್ತು ಎಂದು ನನಗೆ ತೋರಿಸಲಾಗುವುದಿಲ್ಲ.

ಇನ್ನು ನನ್ನ ನಾಚಿಕೆಯ ಕೆಟ್ಟ ಭಾಗ. ಕೆಲವು ವರ್ಷಗಳಿಂದ ನಾನು ಊರೂರಿಗೆ ಹೋಗಿ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ. ಮಕ್ಕಳ ಕೈಯಲ್ಲಿ ವಿಜ್ಞಾನದ ಪ್ರಯೋಗ ಮಾಡಿಸುವಾಗ ಅವರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ವಿಷಯ. ಕಣ್ಣಿಗೆ ಕನ್ನಡಕ ಹಾಕಿಸಿ, ಮುಖ ಸೀಸೆಯ ಮೇಲೆ ಬಗ್ಗದಿರಲಿ, ದೊಡ್ಡವರು ಪಕ್ಕದಿಂದ ಕದಲದಿರಲಿ, ಏನಾದರೂ ಸಿಡಿದರೆ ತಕ್ಷಣ ನೀರು, ಧಾರಾಳವಾಗಿ ನೀರು, ಕಾಲು ಗಂಟೆ ಬಿಡದೆ ನೀರು, ಆಮೇಲೆ ಆಸ್ಪತ್ರೆ. ಕೇಳುವವರಿಗೆ ಮನಸ್ಸಿನಲ್ಲಿ ಕೂರಲಿ ಎಂದು ಒಂದು ಕಥೆ ಹೇಳುತ್ತಿದ್ದೆ. ಒಂದು ಬಣ್ಣದ ಮನೆಯಿತ್ತು, ಹೊಸಿಲಲ್ಲಿ ಕಣ್ಣಿಗೆಂದು ನೀರಿಡುವ ಒಳ್ಳೆಯ ಪದ್ಧತಿ ಇತ್ತು, ಆದರೆ ಒಂದೇ ಒಂದು ದಿನ ಆ ಮನೆಯ ಹೆಂಗಸು ನೀರು ತುಂಬುವುದನ್ನು ಮರೆತಳು, ಅವತ್ತೇ ಒಂದು ಮಗುವಿನ ಕಣ್ಣು ಹೋಯಿತು. ಸಭೆ ಮೌನವಾಗುತ್ತಿತ್ತು. ಆ ಮೌನ ನನಗೆ ಇಷ್ಟವಾಗುತ್ತಿತ್ತು. ಹೇಳಿ ಹೇಳಿ, ಬಿಂದಿಗೆ ನಾನು ಮುಟ್ಟುವ ಮೊದಲೇ ಖಾಲಿಯಿತ್ತೇನೋ ಎಂದು ನನಗೇ ಅನ್ನಿಸತೊಡಗಿತ್ತು. ಹನ್ನೊಂದು ವರ್ಷದವನ ನೆನಪನ್ನು ಎಷ್ಟು ನಂಬಬಹುದು ಎಂದು ಕೇಳಿಕೊಳ್ಳುತ್ತಿದ್ದೆ. ಸಂಶಯಪಡುವುದು ವಿಜ್ಞಾನ ನನಗೆ ಕಲಿಸಿದ ಗುಣ ಎಂದುಕೊಂಡಿದ್ದೆ. ಅದು ನನಗೆ ಬಚ್ಚಿಟ್ಟುಕೊಳ್ಳುವ ಜಾಗವೂ ಆಗಿತ್ತು.

ಮೊನ್ನೆ ಕಲ್ಯಾಣದುರ್ಗದ ಶಾಲೆಯೊಂದರಲ್ಲಿ ತರಬೇತಿ ಇತ್ತು. ನಾಗು ಮದುವೆಯಾಗಿ ಆ ಊರಿನಲ್ಲಿದ್ದಾಳೆಂದು ಗೊತ್ತಿತ್ತು. ಗಂಡ ಬ್ರಹ್ಮಸಮುದ್ರದ ದಾರಿಯಲ್ಲಿ ಆಟೋ ಓಡಿಸುತ್ತಾನೆ, ಅವಳು ಯಾವುದೋ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ ಎಂದೂ ಕೇಳಿದ್ದೆ. ಯಾವ ಶಾಲೆ ಎಂದು ತಿಳಿದುಕೊಳ್ಳಲು ಹೋಗಿರಲಿಲ್ಲ. ಬೆಳಗಿನ ಅವಧಿಯಲ್ಲಿ ಎಂದಿನಂತೆ ಕಥೆಗೆ ಬಂದೆ. "ಆ ರೋಜು ಆಯಮ್ಮ ನೀಳ್ಳು ಪೆಟ್ಟಡಂ ಮರ್ಚಿಪೋಯಿಂದಿ" ಎಂದೆ ತೆಲುಗಿನಲ್ಲಿ. ಆ ದಿನ ಆಕೆ ನೀರಿಡುವುದನ್ನು ಮರೆತಳು ಎಂದು. ಮೌನ ಬಂತು. ಬಾಗಿಲ ಹತ್ತಿರ ಲೋಟವೊಂದು ತಟ್ಟೆಗೆ ತಾಗಿದ ಸದ್ದಾಯಿತು. ಚಹಾದ ತಟ್ಟೆ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು, ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ನೋಡುತ್ತಾ.

ಎಲ್ಲರಿಗೂ ಚಹಾ ಕೊಟ್ಟಳು. ನನಗೂ ಕೊಟ್ಟಳು. ಬಿಡುವಿನಲ್ಲಿ ನಾನು ಅಡುಗೆಕೋಣೆಗೆ ಹೋದೆ.

"ಬಾ ಅಣ್ಣ" ಎಂದಳು, ಅಕ್ಕಿ ಆರಿಸುವುದನ್ನು ನಿಲ್ಲಿಸದೆ. "ಮೇಷ್ಟ್ರುಗಳ್ಗೇ ಪಾಟ ಮಾಡೋ ಅಷ್ಟ್ ದೊಡ್ಡೋನಾಗ್ಬುಟ್ಟಿದ್ದೀಯ. ಆ ಸ್ಟೂಲಿಗೆ ಮಸಿ ಐತೆ, ಪ್ಯಾಂಟು ನೋಡ್ಕೊಂಡು ಕುಂತ್ಕೋ."

"ನೀನಿಲ್ಲಿದ್ದೀಯ ಅಂತ ಗೊತ್ತಿರ್ಲಿಲ್ಲ ನಾಗು."

"ಗೊತ್ತಿದ್ರೆ ಬೇರೆ ಕತೆ ಹೇಳ್ತಿದ್ದೆ, ಅಲ್ವಾ?" ಒಂದು ಕಲ್ಲು ಹೆಕ್ಕಿ ಹೊರಗೆಸೆದಳು. "ಎಷ್ಟ್ ಊರಾಗೆ ಹೇಳಿದ್ದೀಯ ಇದ್ನ?"

ನಾನು ಸ್ಟೂಲಿನ ಮಸಿಯನ್ನು ಕರವಸ್ತ್ರದಿಂದ ಒರೆಸತೊಡಗಿದೆ.

"ಅಷ್ಟ್ ಊರಾಗೂ ನಮ್ಮಮ್ಮ ಮರ್ತಳಾ?"

ನನ್ನ ಗಂಟಲಿನಿಂದ ಆ ವಾಕ್ಯ ಕೊನೆಗೂ ಹೊರಬಂತು. ಆಸ್ಪತ್ರೆಯಲ್ಲಿ ಕಟ್ಟಿಕೊಂಡ ಅದೇ ವಾಕ್ಯ, ಮಕ್ಕಳ ಮಾತಿನಲ್ಲೇ ಬಂತು. "ಬಿಂದಿಗೆ ನೀರು ಖಾಲಿ ಮಾಡಿದ್ದು ನಾನು."

ನಾಗು ತಲೆಯೆತ್ತಿದಳು. "ನೀನೊಬ್ನೇ ಎಲ್ಲಿ ಮಾಡ್ದೆ? ಬಗ್ಸಿದ್ದು ನಾನು. ನೀನು ಸೀಸೆ ಹಿಡ್ಕೊಂಡಿದ್ದೆ."

ಇಲ್ಲ ಎಂದೆ. ನನ್ನ ನೆನಪಿನಲ್ಲಿ ಬಿಂದಿಗೆ ನನ್ನ ಕೈಯಲ್ಲಿದೆ. ಅವಳು ಹೊಸಿಲ ಆಚೆ ಬಲೂನು ಎಳೆಯುತ್ತಾ ಕೂತಿದ್ದಾಳೆ. ನಿನಗೆ ಆಗ ಎಂಟು ವರ್ಷ, ಸರಿಯಾಗಿ ನೆನಪಿರಲಾರದು ಎಂದೂ ಹೇಳಿದೆ. ಅವಳು ಜೋರಾಗಿ ನಕ್ಕಳು. "ಅಯ್ಯೋ ನಿನ್ನ! ಕಣ್ ಹೋಗಿದ್ದು ನಂದು, ಗ್ಯಾಪ್ಕ ನಿಂದಾ?" ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, "ಬಾ ಇಲ್ಲಿ" ಎಂದಳು.

ಅಡುಗೆಕೋಣೆಯ ಹೊಸಿಲ ಪಕ್ಕದಲ್ಲಿ, ಎರಡು ಇಟ್ಟಿಗೆಗಳ ಮೇಲೆ, ಅದೇ ತಾಮ್ರದ ಬಿಂದಿಗೆ ಇತ್ತು. ಕಂಠಕ್ಕೆ ಕೆಂಪು ನೂಲು. ಬರುವಾಗ ಅದರ ಪಕ್ಕದಲ್ಲೇ ಕಾಲಿಟ್ಟು ಬಂದಿದ್ದೆ. ಅಮ್ಮ ತೀರಿಕೊಂಡ ಮೇಲೆ ತಾನು ಕೇಳಿದ್ದು ಇದೊಂದನ್ನೇ ಎಂದಳು ನಾಗು. ಇಲ್ಲಿ ಗಂಜಿ ಸಿಡಿಯುತ್ತದೆ, ಒಗ್ಗರಣೆ ಸಿಡಿಯುತ್ತದೆ, ಮಕ್ಕಳು ತಟ್ಟೆ ಹಿಡಿದು ಒಲೆಯ ತನಕ ಬಂದುಬಿಡುತ್ತಾರೆ. ಅದಕ್ಕೇ ಮನೆಯಿಂದ ತಂದಿಟ್ಟಿದ್ದಾಳಂತೆ. ಮೂಲೆಯಿಂದ ಒಂದು ಗಾಜಿನ ಸೀಸೆ ತಂದು ನನ್ನ ಕೈಗೆ ಕೊಟ್ಟು, "ತುಂಬ್ಸು" ಎಂದಳು.

ನಾನು ಸೀಸೆಯನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಬಿಂದಿಗೆ ಬಗ್ಗಿಸಲು ನೋಡಿದೆ. ಅದು ಇಟ್ಟಿಗೆಯ ಮೇಲೆ ಹೊರಳಿ ನೀರು ನನ್ನ ಕಾಲ ಮೇಲೆ ಚೆಲ್ಲಿತು. ಸೀಸೆ ಕೆಳಗಿಟ್ಟು ಎರಡೂ ಕೈಯಿಂದ ಬಗ್ಗಿಸಿದೆ. ಧಾರೆ ಸೀಸೆಯ ಬಾಯಿಯನ್ನು ತಪ್ಪಿ ಎಲ್ಲೋ ಬಿತ್ತು. ಕಿರಿದಾದ ಕಂಠದ ಬಿಂದಿಗೆ ಅದು, ಚೊಂಬು ಒಳಗಿಳಿಯುವುದಿಲ್ಲ. ಒಬ್ಬರು ಬಗ್ಗಿಸಬೇಕು, ಇನ್ನೊಬ್ಬರು ಹಿಡಿಯಬೇಕು. ಐವತ್ತರ ಗಂಡಸಿಗೆ ಆಗದ್ದು ಹನ್ನೊಂದರ ಹುಡುಗನಿಗೆ ಆಗಿರಲು ಸಾಧ್ಯವಿಲ್ಲ. ನಾಗು ಬಂದು ಬಿಂದಿಗೆ ಹಿಡಿದಳು, ನಾನು ಸೀಸೆ ಹಿಡಿದೆ. ನೀರು ಸದ್ದು ಮಾಡುತ್ತಾ ತುಂಬಿಕೊಂಡಿತು.

"ಆಸ್ಪತ್ರೇಲಿ ಪಟ್ಟಿ ಬಿಚ್ಚೋಕ್ ಮುಂಚೇನೇ ಅಮ್ಮಂಗೆ ಹೇಳ್ದೆ" ಎಂದಳು. "ನಾವೇ ಚೆಲ್ಲಿದ್ದು ಅಂತ. ಅವ್ಳಿಗೆ ಗೊತ್ತಿತ್ತು ಅಣ್ಣ. ತುಂಬ್ಸಿದ್ದೋಳಿಗೆ ಗೊತ್ತಿರಲ್ವಾ?"

"ಮತ್ತೆ ಯಾಕೆ..."

"ನಂಗೊತ್ತು ಅಂತ ಅವ್ನಿಗೆ ಹೇಳ್ಬೇಡ, ಹೆದ್ರಿ ಓದೋದು ಬುಟ್ಬುಡ್ತಾನೆ ಅಂದ್ಳು. ನನ್ ಹೆಸ್ರೂ ಬರಬಾರ್ದು ಅಂದ್ಳು. ಕಣ್ ಹೋದ ಮಗೀನ ಮ್ಯಾಲೆ ಅದೂ ಯಾಕೆ ಅಂತ. ನಾನ್ ಮರ್ತೆ ಅಂದ್ರೆ ಬಯ್ತಾರೆ ಅಷ್ಟೆಯ, ಬಯ್ಲಿ ಬುಡು ಅಂದ್ಳು." ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಲೆಗಿಟ್ಟಳು. "ಅಷ್ಟು ವರ್ಸ ಬಯ್ತಾರೆ ಅಂತ ಅವ್ಳಿಗೂ ಗೊತ್ತಿರ್ಲಿಲ್ಲ ಅನ್ನು."

ಒಪ್ಪಿಕೊಂಡರೆ ಹಗುರವಾಗುತ್ತದೆ ಎಂದುಕೊಂಡಿದ್ದ ಸುಳ್ಳು ನನ್ನದೇ ಆಗಿರಲಿಲ್ಲ. ನಾನು ಮೌನದಿಂದ ಕಾಪಾಡಿಕೊಂಡೆ ಎಂದುಕೊಂಡಿದ್ದ ಗುಟ್ಟನ್ನು ಇಷ್ಟು ವರ್ಷ ಕಾಪಾಡಿದ್ದು ದೊಡ್ಡಮ್ಮ. ಆಕೆ ಕೊಟ್ಟ ಆಸರೆಯ ಕೆಳಗೇ ಕೂತು, ಊರೂರಲ್ಲಿ ಆಕೆಯನ್ನು ಮರೆಗುಳಿ ಎಂದು ತೋರಿಸಿ ಪಾಠ ಹೇಳಿದ್ದೆ. ನಾಗು ಬಿಂದಿಗೆಯ ಉಳಿದ ನೀರನ್ನು ಬಾಗಿಲ ಹೊರಗಿನ ಗಿಡಕ್ಕೆ ಸುರಿದು, ಹುಣಸೆಯ ಚೂರೊಂದನ್ನು ನನ್ನ ಕೈಗೆ ಹಾಕಿದಳು. "ಅರ್ಧಂಬರ್ಧ ಇಡಂಗಿಲ್ಲ. ತಿಕ್ಕಿ ತುಂಬ್ಸಿಟ್ಟು ಹೋಗು. ಊಟಕ್ಕೆ ಮಕ್ಳು ಬತ್ತವೆ." ನಾನು ಕುಕ್ಕುರುಗಾಲಲ್ಲಿ ಕೂತು ತಿಕ್ಕಿದೆ. ಕಪ್ಪು ಹೋಗಿ ಒಳಗಿನ ಕೆಂಪು ಬರುವವರೆಗೆ ತಿಕ್ಕಿದೆ. ಬೋರಿನ ನಲ್ಲಿಯಲ್ಲಿ ತುಂಬಿ, ಎರಡೂ ಕೈಯಲ್ಲಿ ಹೊತ್ತು ತಂದು ಇಟ್ಟಿಗೆಗಳ ಮೇಲಿಟ್ಟೆ. ಅವಳು ತಟ್ಟೆ ಮುಚ್ಚಿ, ಆಮೇಲೆ ಒಲೆ ಹೊತ್ತಿಸಿದಳು.

ಮಧ್ಯಾಹ್ನದ ಅವಧಿಯಲ್ಲಿ ಶಿಕ್ಷಕರ ಮುಂದೆ ನಿಂತು, ಬೆಳಗ್ಗೆ ಹೇಳಿದ ಕಥೆಯಲ್ಲಿ ಒಂದು ಸುಳ್ಳಿದೆ ಎಂದೆ. ಆಕೆ ಮರೆತಿರಲಿಲ್ಲ, ನೀರನ್ನು ಚೆಲ್ಲಿದವನು ನಾನು ಎಂದೆ. ಊಟ ಮಾಡಿ ಬಂದಿದ್ದವರು ತೂಕಡಿಸುತ್ತಿದ್ದರು. ಮುಂದಿನ ಸಾಲಿನ ಒಬ್ಬ ಹಿರಿಯ ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ ಕೂತರು. ಹಿಂದಿನಿಂದ ಒಬ್ಬ ಯುವಕ, "ಸಾರ್, ಇದಿ ಕೂಡಾ ರಾಸುಕೋವಾಲಾ?" ಎಂದ, ಇದನ್ನೂ ಬರೆದುಕೊಳ್ಳಬೇಕೇ ಎಂದು. ಬರೆದುಕೊಳ್ಳಿ ಎಂದೆ. ಅಲ್ಲಿದ್ದವರು ಮೂವತ್ತು ಮಂದಿ ಇರಬಹುದು. ಅದಕ್ಕೆ ಮೊದಲು ಕೇಳಿದವರು ಎಷ್ಟು ಮಂದಿಯೋ, ಅವರ ಬಾಯಿಂದ ಕೇಳಿದ ಮಕ್ಕಳು ಎಷ್ಟೋ. ಸೆಟ್ಟೂರಿನಲ್ಲಿ, ಚಿಲಮತ್ತೂರಿನಲ್ಲಿ, ಹೆಸರೇ ನೆನಪಿಲ್ಲದ ಊರುಗಳ ಶಾಲೆಗಳಲ್ಲಿ ದೊಡ್ಡಮ್ಮ ಇವತ್ತಿಗೂ ನೀರಿಡಲು ಮರೆತ ಹೆಂಗಸಾಗಿಯೇ ಇದ್ದಾಳೆ.

ನಾಗು ಹೇಳಿದ್ದು ಪೂರ್ತಿ ನಿಜವೋ, ನನ್ನ ಪಾಲನ್ನು ಅರ್ಧ ಮಾಡಲು ತಾಯಿಯಂತೆಯೇ ಅವಳೂ ಏನಾದರೂ ತನ್ನ ಮೇಲೆ ಹಾಕಿಕೊಂಡಳೋ, ಗೊತ್ತಿಲ್ಲ. ಕೇಳಿದರೂ ಅವಳು ಹೇಳುವುದಿಲ್ಲ. ಲಡಿಗಳು ಅವತ್ತು ನೀಲಿಯಾಗಿದ್ದವೋ ಹಸಿರಾಗಿದ್ದವೋ, ಖಾಲಿ ಬಿಂದಿಗೆ ಹಿಡಿದು ದೊಡ್ಡಮ್ಮ ನನ್ನ ಕಡೆ ನೋಡಿದಳೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಹೊಸಿಲು ದಾಟಿ ಒಳಗೆ ಹೋದಾಗ ಎರಡನೆಯ ಹಂಡೆಯ ಕೆಳಗಿನ ಬೆಂಕಿಯ ಕಾವು ನನ್ನ ಮೊಣಕಾಲಿಗೆ ತಾಗಿತ್ತು. ಅದು ಈಗಲೂ ತಾಗುತ್ತಿದೆ. ಒಲೆ ಉರಿಯುತ್ತಿತ್ತು. ಒಲೆ ಉರಿಯುತ್ತಿತ್ತೆಂದರೆ ಬಿಂದಿಗೆ ತುಂಬಿತ್ತು. ಸ್ನಾನ ಮಾಡಿದ ಒದ್ದೆ ಕೂದಲಿನಲ್ಲಿ, ಬೆಳಗಿನ ಆ ಮಬ್ಬಿನಲ್ಲಿ ಆಕೆ ಕರಿಬೇವಿನ ಗಿಡಕ್ಕೆ ನೀರು ಸುರಿದು ಬಂದು, ತಾಮ್ರವನ್ನು ತಿಕ್ಕಿ, ನಮ್ಮ ಕಣ್ಣುಗಳಿಗೆಂದು ಆ ದಿನವೂ ಅದನ್ನು ಕಂಠದವರೆಗೆ ತುಂಬಿಟ್ಟಿದ್ದಳು.